ಡ್ರೈವರ್ ಓಡುತ್ತಿದೆ, ಇನ್ನು ಅದನ್ನು ಲಿನಕ್ಸ್ ಕರ್ನಲ್ ಒಳಗೆ ಸೇರಿಸುವುದು ಹೇಗೆ?

ತಾಪಮಾನ, ತೇವಾಂಶ ಅಳೆಯುವ ಒಂದು ಚಿಪ್‌ಗೆ ನೀವು ಲಿನಕ್ಸ್ ಡ್ರೈವರ್ ಬರೆದಿದ್ದೀರಿ ಅಂದುಕೊಳ್ಳಿ. ರಾಸ್ಪ್‌ಬೆರಿ ಪೈ ಬೋರ್ಡಿಗೆ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ದಾರಿ) ತಂತಿ ಜೋಡಿಸಿ ಮಾಡ್ಯೂಲ್ ಲೋಡ್ ಮಾಡಿದರೆ ಅಂಕಿ ಸರಿಯಾಗಿಯೇ ಬರುತ್ತಿದೆ. ಕೆಲವು ತಿಂಗಳು ಕಳೆದ ಮೇಲೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅಪ್‌ಡೇಟ್ ಮಾಡುತ್ತೀರಿ. ಅದೇ ಡ್ರೈವರ್ ಈಗ ಕಂಪೈಲ್ ಕೂಡ ಆಗುವುದಿಲ್ಲ.

ಕರ್ನಲ್ ಒಳಗಿನ ಫಂಕ್ಷನ್‌ಗಳು ಯಾವಾಗ ಬೇಕಾದರೂ ಬದಲಾಗಬಹುದು. ಅಲ್ಲಿ ಇದು ಎಲ್ಲರೂ ಒಪ್ಪಿಕೊಂಡ ನಿಯಮ. ಐ2ಸಿ ಡ್ರೈವರ್‌ಗಳನ್ನೇ ನೋಡಿ. ಕರ್ನಲ್‌ನ 6.1 ಆವೃತ್ತಿಯಲ್ಲಿ ರಿಮೂವ್ ಫಂಕ್ಷನ್ (ಡಿವೈಸ್ ಹೋಗುವಾಗ ಓಡುವುದು) ಯಾವ ಮೌಲ್ಯವನ್ನೂ ರಿಟರ್ನ್ ಮಾಡದಂತೆ ಬದಲಾಯಿಸಿದರು. 6.3ರಲ್ಲಿ ಪ್ರೋಬ್ ಫಂಕ್ಷನ್‌ನಿಂದ (ಡಿವೈಸ್ ಸಿಕ್ಕಾಗ ಓಡುವುದು) ಒಂದು ಆರ್ಗ್ಯುಮೆಂಟ್ ಕಿತ್ತುಹಾಕಿದರು. ಕರ್ನಲ್ ಒಳಗಿದ್ದ ನೂರಾರು ಡ್ರೈವರ್‌ಗಳನ್ನು ಬದಲಾವಣೆ ತಂದವರೇ ಕೂತು ತಿದ್ದಿದರು. ಹೊರಗಿದ್ದ ಡ್ರೈವರ್‌ಗಳನ್ನು ಅದರ ಮಾಲೀಕರೇ ತಿದ್ದಿಕೊಳ್ಳಬೇಕಾಯಿತು.

ಒಳಗೆ ಸೇರಿಸುವುದರಿಂದ ಸಿಗುವ ಲಾಭ ಇದು. ಒಳಗೆ ಸೇರಿಸುವುದು ಕಷ್ಟ ಆಗಿರುವುದೂ ಇದೇ ಕಾರಣಕ್ಕೆ. ನಾಳೆ ನಿಮ್ಮ ಕೋಡ್ ತಿದ್ದುವವರು ಬೇರೆ ಯಾರೋ. ಅವರ ಮೇಜಿನ ಮೇಲೆ ನಿಮ್ಮ ಚಿಪ್ ಇರುವುದಿಲ್ಲ. ನೀವು ಆಗ ಬೇರೆ ಕೆಲಸಕ್ಕೆ ಹೋಗಿರಬಹುದು. ಹಾಗಾಗಿ ಮೇಂಟೇನರ್ (ಕರ್ನಲ್‌ನ ಆ ಭಾಗ ನೋಡಿಕೊಳ್ಳುವವರು) ಕೇಳುವ ಪ್ರತಿ ಪ್ರಶ್ನೆಯ ಹಿಂದೆ ‘ಇದನ್ನು ಮುಂದೆ ಯಾರು ನೋಡಿಕೊಳ್ತಾರೆ?’ ಅನ್ನುವ ಚಿಂತೆ ಇರುತ್ತದೆ. ಇದು ತಲೆಯಲ್ಲಿದ್ದರೆ ರಿವ್ಯೂ ಓದುವಾಗ ಬರುವ ಸಿಟ್ಟು ಅರ್ಧ ಕಡಿಮೆಯಾಗುತ್ತದೆ.

ಇಲ್ಲಿ ನಾನು ಐಐಒ (ಇಂಡಸ್ಟ್ರಿಯಲ್ ಐ/ಒ) ಎಂಬ ಸಬ್‌ಸಿಸ್ಟಮ್ ಅನ್ನು, ಅಂದರೆ ಕರ್ನಲ್‌ನ ಒಂದು ವಿಭಾಗವನ್ನು, ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಸೆನ್ಸರ್‌ಗಳು, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಚಿಪ್‌ಗಳು ಎಲ್ಲ ಸೇರುವುದು ಅಲ್ಲಿಗೇ. ಮೊದಲ ಡ್ರೈವರ್‌ಗೆ ಇದಕ್ಕಿಂತ ಒಳ್ಳೆ ಜಾಗ ಕಡಿಮೆ. ಚಿಪ್ ಅಗ್ಗ, ಕೋಡ್ ಚಿಕ್ಕದು, ರಿವ್ಯೂ ಮಾಡುವವರು ಕಾರಣ ಬಿಡಿಸಿ ಹೇಳುತ್ತಾರೆ.

ಮೊದಲು ಹುಡುಕಿ

ಬರೆಯುವ ಮುಂಚೆ ಈಗಾಗಲೇ ಇದೆಯಾ ನೋಡಿ. ಎಷ್ಟೋ ಚಿಪ್‌ಗಳು ಹಳೆಯ ಚಿಪ್‌ನ ತಮ್ಮಂದಿರು. ಬಾಷ್ ಕಂಪನಿಯ ಬಿಎಂಪಿ280 ಡ್ರೈವರ್ ತೆರೆದು ನೋಡಿ. ಒಂದೇ ಡ್ರೈವರ್ ಬಿಎಂಪಿ180, ಬಿಎಂಪಿ280, ಬಿಎಂಇ280, ಬಿಎಂಪಿ380, ಬಿಎಂಪಿ580 ಎಲ್ಲವನ್ನೂ ನಡೆಸುತ್ತದೆ. ನಿಮ್ಮ ಚಿಪ್‌ನ ಡೇಟಾಶೀಟ್‌ನಲ್ಲಿರುವ ರಿಜಿಸ್ಟರ್ ಪಟ್ಟಿಯನ್ನು ಅಕ್ಕಪಕ್ಕದ ಡ್ರೈವರ್‌ಗಳ ಜೊತೆ ಹೋಲಿಸಿ. ವಿಳಾಸಗಳು ಹೊಂದಿದರೆ ನಿಮಗೆ ಬೇಕಾದದ್ದು ಹೊಸ ಡ್ರೈವರ್ ಅಲ್ಲ, ಹಳೆಯದಕ್ಕೆ ನಾಲ್ಕಾರು ಸಾಲು. ಅಂಥ ಪ್ಯಾಚ್ (ಕಳಿಸುವ ಕೋಡ್ ಬದಲಾವಣೆ) ಬೇಗ ಸೇರುತ್ತದೆ. ಹೊಸದಾಗಿ ಬರೆದು ಕಳಿಸಿದರೆ ‘ಆ ಡ್ರೈವರ್‌ಗೇ ಯಾಕೆ ಸೇರಿಸಲಿಲ್ಲ?’ ಎಂಬುದೇ ಮೊದಲ ಪ್ರಶ್ನೆ.

ಆಮೇಲೆ ಯಾವ ಮನೆ ಎಂದು ತೀರ್ಮಾನಿಸಿ. ಮದರ್‌ಬೋರ್ಡ್ ಬಿಸಿ, ಫ್ಯಾನ್ ವೇಗ, ವೋಲ್ಟೇಜ್ ನೋಡುವಂಥ ಚಿಪ್ ಆದರೆ ಎಚ್‌ಡಬ್ಲ್ಯೂಮಾನ್ ಸಬ್‌ಸಿಸ್ಟಮ್. ಸಾಮಾನ್ಯ ಅಳತೆಗಾದರೆ ಐಐಒ. ತಾಪಮಾನದ ಚಿಪ್ ಎರಡೂ ಕಡೆ ಸಲ್ಲಬಹುದು. ಅನುಮಾನ ಇದ್ದರೆ ಕೋಡ್ ಬರೆಯುವ ಮುಂಚೆಯೇ ಆ ಸಬ್‌ಸಿಸ್ಟಮ್‌ನ ಮೇಲಿಂಗ್ ಲಿಸ್ಟ್‌ಗೆ ಎರಡು ಸಾಲು ಬರೆದು ಕೇಳಿ.

ಇನ್ನೊಂದು ಮಾತು. ಚಿಪ್ ಅಥವಾ ಬೋರ್ಡ್ ಮಾರುವವರು ಕೊಟ್ಟ ಹಳೆಯ ಕರ್ನಲ್ ಮೇಲೆ ಕೆಲಸ ಮಾಡಬೇಡಿ. ಐಐಒ ಮರದ (ಆ ವಿಭಾಗದ ಗಿಟ್ ಕೋಡ್ ಸಂಗ್ರಹದ) ಟೆಸ್ಟಿಂಗ್ ಶಾಖೆ, ಇಲ್ಲದಿದ್ದರೆ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಮರದ ಇತ್ತೀಚಿನ ಆರ್‌ಸಿ1 (ಬಿಡುಗಡೆಗೆ ಮುಂಚಿನ ಮೊದಲ ಪರೀಕ್ಷಾ ಆವೃತ್ತಿ) ಮೇಲೆ ಬರೆಯಿರಿ, ಅದರ ಮೇಲೇ ಪರೀಕ್ಷೆ ಮಾಡಿ.

ಕಾಗದದ ಕೆಲಸ

ಪ್ರತಿ ಪ್ಯಾಚ್‌ನ ವಿವರಣೆಯ ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಎಂಬ ಸಾಲು ಇರಬೇಕು. 2004ರಲ್ಲಿ ಬಂದ ಪದ್ಧತಿ ಇದು. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಎಂದು ನೀವು ಬರೆದುಕೊಡುವ ಮಾತು. ಸುಮ್ನೆ ಹಾಕುವ ಸಹಿ ಅಲ್ಲ. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೀರಾ? ನೇಮಕಾತಿ ಪತ್ರ ತೆಗೆದು ಓದಿ. ನೀವು ಬರೆದ ಕೋಡೆಲ್ಲ ಕಂಪನಿಯದು ಎಂಬ ಷರತ್ತು ಅದರಲ್ಲಿ ಇರಬಹುದು. ಹಾಗಿದ್ದರೆ ಮೇಲಿನವರಿಂದ ಇಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಆರ್ಡುಯಿನೋ ಲೈಬ್ರರಿಯಿಂದ ಎತ್ತಿದ ಸಾಲುಗಳಿದ್ದರೆ ಅದರ ಲೈಸೆನ್ಸ್ ನೋಡಿ. ಎಂಐಟಿ, ಬಿಎಸ್‌ಡಿ ಆದರೆ ಮೂಲದವರ ಕಾಪಿರೈಟ್ ಸಾಲು ಉಳಿಸಿಕೊಂಡು ಬಳಸಬಹುದು. ಲೈಸೆನ್ಸೇ ಬರೆದಿಲ್ಲ ಅಂದರೆ ಮುಟ್ಟಬೇಡಿ, ಡೇಟಾಶೀಟ್ ನೋಡಿ ನೀವೇ ಬರೆಯಿರಿ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಸ್ವಲ್ಪ ತಲೆನೋವು. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಊರಿನ ಹೆಸರು ಪೂರ್ತಿ. ಯಾವ ರೂಪವಾದರೂ ನಡೆಯುತ್ತದೆ. ಆದರೆ ಗಿಟ್‌ನಲ್ಲಿ, ಇಮೇಲ್‌ನ ‘ಫ್ರಮ್’ನಲ್ಲಿ, ಸೈನ್ಡ್-ಆಫ್-ಬೈಯಲ್ಲಿ ಮೂರೂ ಕಡೆ ಒಂದೇ ಇರಬೇಕು. ವ್ಯತ್ಯಾಸ ಕಂಡರೆ ಚೆಕ್‌ಪ್ಯಾಚ್ ಎಂಬ ಕರ್ನಲ್‌ನದೇ ಪರೀಕ್ಷಾ ಸ್ಕ್ರಿಪ್ಟ್ ಎಚ್ಚರಿಸುತ್ತದೆ. ಮೊದಲು ‘ನಿಜವಾದ ಹೆಸರು’ ಎಂದಿದ್ದ ನಿಯಮವನ್ನು 2023ರಲ್ಲಿ ‘ಜನಕ್ಕೆ ಗೊತ್ತಿರುವ ಗುರುತು’ ಎಂದು ಸಡಿಲಿಸಿದ್ದಾರೆ. ಅನಾಮಧೇಯ ಮಾತ್ರ ಈಗಲೂ ಇಲ್ಲ.

ಕೋಡ್ ಅಲ್ಲಿನವರ ಹಾಗೆ ಕಾಣಬೇಕು

ನಿಮ್ಮ ಶೈಲಿ ಎಷ್ಟೇ ಚೆನ್ನಾಗಿರಲಿ, ಅದು ಇಲ್ಲಿ ಬೇಡ. ಇಂಡೆಂಟ್‌ಗೆ ಟ್ಯಾಬ್, ಅದರ ಅಗಲ 8. ಸಾಲು 80 ಅಕ್ಷರದೊಳಗೆ ಮುಗಿದರೆ ಒಳ್ಳೆಯದು. ಇದು ಬರೀ ನೋಟದ ವಿಷಯವಾಯಿತು, ಚೆಕ್‌ಪ್ಯಾಚ್ ಹೇಳಿಕೊಡುತ್ತದೆ. ಚೆಕ್‌ಪ್ಯಾಚ್‌ಗೆ ಗೊತ್ತಾಗದ, ಆದರೆ ರಿವ್ಯೂನಲ್ಲಿ ತಪ್ಪದೆ ಬರುವ ಮಾತುಗಳು ಬೇರೆ ಇವೆ.

ಮೆಮೊರಿ, ಇಂಟರಪ್ಟ್ ಎಲ್ಲವನ್ನೂ ‘ಡೆವ್‌ಎಂ’ ಎಂದು ಶುರುವಾಗುವ ಫಂಕ್ಷನ್‌ಗಳಿಂದ ಪಡೆಯಿರಿ. ಡಿವೈಸ್ ಹೋದಾಗ ಅವು ತಾವೇ ಬಿಡುಗಡೆಯಾಗುತ್ತವೆ. ಬಹಳ ಸಲ ರಿಮೂವ್ ಫಂಕ್ಷನ್ ಬರೆಯುವುದೇ ಬೇಡ. ಆದರೆ ಡೆವ್‌ಎಂ ಬಳಸಿದ್ದನ್ನೂ ಕೈಯಾರೆ ಬಿಡಿಸಿದ್ದನ್ನೂ ಬೆರೆಸಬೇಡಿ, ಬಿಡಿಸುವ ಕ್ರಮ ತಲೆಕೆಳಗಾಗುತ್ತದೆ. ಪ್ರೋಬ್‌ನಲ್ಲಿ ಎಡವಟ್ಟಾದರೆ ‘ಡೆವ್_ಎರರ್_ಪ್ರೋಬ್’ ಬಳಸಿ. ಎಲ್ಲ ಸರಿ ಹೋದಾಗ ‘ಡ್ರೈವರ್ ಲೋಡ್ ಆಯಿತು’ ಎಂದು ಲಾಗ್‌ನಲ್ಲಿ ಕೂಗಬೇಡಿ. ಚಿಪ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಅನ್ನು ಡ್ರೈವರ್ ಕೇಳಿ ಪಡೆಯಬೇಕು. ನಿಮ್ಮ ಬೋರ್ಡಿನಲ್ಲಿ ಅದು ಯಾವಾಗಲೂ ಆನ್ ಇರಬಹುದು, ಇನ್ನೊಬ್ಬರ ಬೋರ್ಡಿನಲ್ಲಿ ಇರುವುದಿಲ್ಲ. ಐ2ಸಿ ಓದು-ಬರಹಕ್ಕೆ ರೆಗ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯಲು ಕರ್ನಲ್ ಕೊಡುವ ಸಿದ್ಧ ಫಂಕ್ಷನ್‌ಗಳು) ಹೊಂದಿದರೆ ಅದನ್ನೇ ಬಳಸಿ. ‘ಕರ್ನಲ್ ಆವೃತ್ತಿ ಇಷ್ಟಕ್ಕಿಂತ ಹಳೆಯದಾದರೆ’ ಎಂಬ ಇಫ್‌ಡೆಫ್‌ಗಳನ್ನೆಲ್ಲ ತೆಗೆಯಿರಿ. ಮರದೊಳಗೆ ಒಂದೇ ಆವೃತ್ತಿ ಇರುವುದು, ಅಲ್ವಾ?

ಕರ್ನಲ್ ಕೋಡಿನಲ್ಲಿ ಫ್ಲೋಟ್ ಬಳಸುವಂತಿಲ್ಲ. ದಶಮಾಂಶ ಲೆಕ್ಕ ಎಲ್ಲ ಪೂರ್ಣಾಂಕದಲ್ಲೇ ಆಗಬೇಕು. ಐಐಒ ಇದಕ್ಕೆ ಸುಲಭ ದಾರಿ ಮಾಡಿದೆ. ಚಿಪ್ ಕೊಟ್ಟ ಕಚ್ಚಾ ಅಂಕಿ, ಆಫ್‌ಸೆಟ್, ಸ್ಕೇಲ್ ಮೂರನ್ನೂ ಬೇರೆ ಬೇರೆ ಕೊಟ್ಟುಬಿಡಿ. ಕಚ್ಚಾ ಅಂಕಿಗೆ ಆಫ್‌ಸೆಟ್ ಕೂಡಿಸಿ ಸ್ಕೇಲ್‌ನಿಂದ ಗುಣಿಸುವ ಕೆಲಸ ಓದುವವರದು. ಅಳತೆಯ ಘಟಕ ಮೊದಲೇ ನಿಗದಿಯಾಗಿದೆ. ತಾಪಮಾನ ಮಿಲಿ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 25.3 ಡಿಗ್ರಿಗೆ 25300. ತೇವಾಂಶ ಮಿಲಿ ಪರ್ಸೆಂಟ್‌ನಲ್ಲಿ, 60 ಪರ್ಸೆಂಟ್‌ಗೆ 60000.

ಇಲ್ಲಿ ಒಂದು ಎಚ್ಚರ ಬೇಕು. ಒಳಗಿನ ಫಂಕ್ಷನ್ ಎಷ್ಟು ಬೇಕಾದರೂ ಬದಲಾಗಬಹುದು ಎಂದೆ. ಹೊರಗೆ ಬಳಕೆದಾರರಿಗೆ ಕಾಣುವ ಫೈಲುಗಳು (ಸಿಸ್‌ಎಫ್‌ಎಸ್) ಹಾಗಲ್ಲ. ಅವನ್ನು ಒಮ್ಮೆ ಕೊಟ್ಟರೆ ಮುಗಿಯಿತು, ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಹೊಸ ಸಿಸ್‌ಎಫ್‌ಎಸ್ ಫೈಲ್ ಒಂದನ್ನು ನೀವು ಕಂಡುಹಿಡಿದರೆ ಚರ್ಚೆ ಉದ್ದವಾಗುತ್ತದೆ. ಮೊದಲ ಪ್ಯಾಚ್ ಅನ್ನು ಈಗಾಗಲೇ ಇರುವ ಹೆಸರುಗಳಲ್ಲೇ ಮುಗಿಸಿ.

ಒಂದೇ ಸಲ ಎಲ್ಲ ಕಳಿಸಬೇಡಿ

2016ರಲ್ಲಿ ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ಡಿಸ್‌ಪ್ಲೇ ಕೋಡ್ ಅನ್ನು ಚರ್ಚೆಗೆ ಇಟ್ಟಿತು. ಸುಮಾರು ಒಂದು ಲಕ್ಷ ಸಾಲು. ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಕೋಡ್ ಹಂಚಿಕೊಳ್ಳುವ ಆಸೆಯಿಂದ ನಡುವೆ ಒಂದು ಪದರ ಕಟ್ಟಿದ್ದರು. ಗ್ರಾಫಿಕ್ಸ್ ವಿಭಾಗದ ಮೇಂಟೇನರ್ ಡೇವ್ ಏರ್ಲಿ ಆ ವರ್ಷದ ಡಿಸೆಂಬರ್‌ನಲ್ಲಿ ಖಡಾಖಂಡಿತವಾಗಿ ಬೇಡ ಎಂದರು. ಕೋಡ್ ಓಡುತ್ತಿರಲಿಲ್ಲ ಅಂತಲ್ಲ. ಆ ಪದರದ ಒಳಗೆ ಏನಾಗುತ್ತಿದೆ ಎಂದು ತಿಳಿದು ಎಎಂಡಿಯವರನ್ನು ಬಿಟ್ಟು ಇನ್ಯಾರೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ. ಗ್ರಾಫಿಕ್ಸ್ ವಿಭಾಗದ ಹಂಚಿಕೆಯ ಕೋಡ್ ಬದಲಾದಾಗಲೆಲ್ಲ ಅದು ಅಡ್ಡ ಬರುತ್ತಿತ್ತು. ಎಎಂಡಿಯವರು ಕೋಡ್ ಅನ್ನು ಕರ್ನಲ್‌ನ ರೀತಿಗೆ ಒಗ್ಗಿಸಿದ ಮೇಲೆ ಅದು 4.15ರಲ್ಲಿ ಸೇರಿತು. ಆ ಆವೃತ್ತಿ ಹೊರಬಂದದ್ದು 2018ರ ಜನವರಿಯಲ್ಲಿ. ಅಷ್ಟು ದೊಡ್ಡ ಕಂಪನಿ, ಅಷ್ಟು ಜನ ಎಂಜಿನಿಯರ್‌ಗಳು, ಆದರೂ ನಿಯಮ ಬದಲಾಗಲಿಲ್ಲ. ನನಗೆ ಈ ಕಥೆ ಇಷ್ಟ. ಒಬ್ಬರೇ ಕೂತು ಬರೆದ ಡ್ರೈವರ್‌ಗೂ ಅದೇ ಅಳತೆಗೋಲು.

ಇಡೀ ಹಲಸಿನ ಹಣ್ಣನ್ನು ಯಾರ ತಟ್ಟೆಗೂ ಹಾಕುವುದಿಲ್ಲ, ಬಿಡಿಸಿ ತೊಳೆ ಕೊಡುತ್ತೇವೆ. ನಿಮ್ಮ ಸೆನ್ಸರ್ ಡ್ರೈವರ್ ಅನ್ನೂ ಹಾಗೇ ಬಿಡಿಸಿ. ಮೊದಲ ಪ್ಯಾಚ್: ತಯಾರಕರ ಹೆಸರು ಡಿವೈಸ್ ಟ್ರೀ (ಬೋರ್ಡಿನಲ್ಲಿ ಯಾವ ಚಿಪ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ವಿವರ) ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಸೇರಿಸುವುದು. ಎರಡನೆಯದು: ಡಿವೈಸ್ ಟ್ರೀ ಬೈಂಡಿಂಗ್. ಮೂರನೆಯದು: ತಾಪಮಾನ, ತೇವಾಂಶ ಓದುವಷ್ಟು ಮಾತ್ರ ಇರುವ ಡ್ರೈವರ್, ಅದರ ಜೊತೆ ಕೆಕಾನ್ಫಿಗ್ ಮತ್ತು ಮೇಕ್‌ಫೈಲ್ ಸಾಲು (ಡ್ರೈವರ್ ಅನ್ನು ಬಿಲ್ಡ್‌ಗೆ ಸೇರಿಸುವಂಥವು). ಇವೆರಡರಲ್ಲೂ ಅಕ್ಷರಕ್ರಮ ತಪ್ಪಬಾರದು. ಮೇಂಟೇನರ್ಸ್ ಫೈಲಿನಲ್ಲಿ ನಿಮ್ಮ ಹೆಸರಿನ ನಮೂದನ್ನೂ ಹಾಕಿ. ‘ಇದನ್ನು ನೋಡಿಕೊಳ್ಳುವವರು ಇದ್ದಾರೆ’ ಎಂದು ಅದು ಹೇಳುತ್ತದೆ. ಇಂಟರಪ್ಟ್, ಬಫರ್, ಹೀಟರ್ ಮುಂತಾದವು ನಂತರದ ಪ್ಯಾಚ್‌ಗಳಿಗೆ. ಪ್ರತಿ ಪ್ಯಾಚ್ ಹಾಕಿದ ಮೇಲೂ ಕರ್ನಲ್ ಬಿಲ್ಡ್ ಆಗಬೇಕು. ಇಲ್ಲದಿದ್ದರೆ ಗಿಟ್ ಬೈಸೆಕ್ಟ್ ಮಾಡಿ ಬಗ್ ಹುಡುಕುವವರು ನಿಮ್ಮ ಪ್ಯಾಚ್ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ.

ಬೈಂಡಿಂಗ್ ಎಂದರೆ ಚಿಪ್ ಹೇಗೆ ಜೋಡಣೆಯಾಗಿದೆ ಎಂದು ಯಾಮಲ್ ಎಂಬ ಪಠ್ಯ ರೂಪದಲ್ಲಿ ಬರೆದ ವಿವರಣೆ. ಹೊಸಬರು ಜಾಸ್ತಿ ಮುಗ್ಗರಿಸುವುದು ಇಲ್ಲೇ. ಅದರಲ್ಲಿ ಹಾರ್ಡ್‌ವೇರ್ ಬಗ್ಗೆ ಮಾತ್ರ ಬರೆಯಬೇಕು. ‘ಪ್ರತಿ ಸೆಕೆಂಡಿಗೆ ಎಷ್ಟು ಸಲ ಓದಬೇಕು’ ಎಂಬುದು ಡ್ರೈವರ್ ಸಂಗತಿ, ಅಲ್ಲಿ ಬೇಡ. ಕಂಪ್ಯಾಟಿಬಲ್ ಹೆಸರಿನಲ್ಲಿ (ಚಿಪ್‌ಗೆ ಡ್ರೈವರ್ ಹೊಂದಿಸುವ ಹೆಸರು) ಚಿಪ್‌ನ ಪೂರ್ತಿ ಹೆಸರು ಇರಲಿ, ‘ಎಕ್ಸ್‌ಎಕ್ಸ್’ ಎಂದು ಇಡೀ ಸರಣಿಗೆ ಒಂದೇ ಹೆಸರು ಇಡಬೇಡಿ. ಕಳಿಸುವ ಮುಂಚೆ ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಓಡಿಸಿ. ಅದಕ್ಕೆ ಪೈಥಾನ್‌ನ ಡಿಟಿಸ್ಕೀಮಾ ಪ್ಯಾಕೇಜ್ ಬೇಕು. ಇದನ್ನು ಓಡಿಸದೆ ಕಳಿಸಿದರೆ ಡಿವೈಸ್ ಟ್ರೀ ಮೇಂಟೇನರ್‌ಗಳ ಬಾಟ್ (ತಾನೇ ಓಡುವ ಪ್ರೋಗ್ರಾಂ) ಓಡಿಸಿ, ತಪ್ಪುಗಳನ್ನು ಎಲ್ಲರ ಎದುರು ಪಟ್ಟಿ ಮಾಡುತ್ತದೆ.

ಸ್ಟೇಜಿಂಗ್ ಎಂಬ ಫೋಲ್ಡರ್ ಇದೆ, ಅರೆಬೆಂದ ಡ್ರೈವರ್‌ಗಳಿಗೆ. ಅಲ್ಲಿ ಹಾಕಿದರೆ ಸುಲಭ ಎಂದು ಕೆಲವರು ಹೇಳುತ್ತಾರೆ. ಚಿಕ್ಕ ಸೆನ್ಸರ್‌ಗೆ ಆ ಸುತ್ತು ಬೇಡ. ಆರ್8188ಇಯು ಎಂಬ ವೈಫೈ ಡ್ರೈವರ್ ಸ್ಟೇಜಿಂಗ್‌ನಲ್ಲೇ ಕೂತಿತ್ತು. ಸರಿಯಾದ ಜಾಗದಲ್ಲಿದ್ದ ಇನ್ನೊಂದು ಡ್ರೈವರ್ ಅದೇ ಚಿಪ್ ನಡೆಸತೊಡಗಿದ ಮೇಲೆ 6.3ರಲ್ಲಿ ಅದನ್ನು ತೆಗೆದೇಹಾಕಿದರು.

ಪರೀಕ್ಷೆ, ಮತ್ತು ಕಮಿಟ್ ಸಂದೇಶ

ಚೆಕ್‌ಪ್ಯಾಚ್ ಅನ್ನು ‘ಸ್ಟ್ರಿಕ್ಟ್’ ಆಯ್ಕೆಯ ಜೊತೆ ಓಡಿಸಿ. ‘ಡಬ್ಲ್ಯೂ=1’ (ಹೆಚ್ಚುವರಿ ಎಚ್ಚರಿಕೆ ತೋರಿಸಲು) ಕೊಟ್ಟು ಬಿಲ್ಡ್ ಮಾಡಿ, ಸ್ಪಾರ್ಸ್ ಎಂಬ ಕೋಡ್ ಪರೀಕ್ಷಿಸುವ ಟೂಲ್ ಓಡಿಸಿ. ಜೊತೆಗೆ 32 ಬಿಟ್ ಆರ್ಮ್‌ಗೂ ಒಮ್ಮೆ ಬಿಲ್ಡ್ ಮಾಡಲೇಬೇಕು. 64 ಬಿಟ್ ಅಂಕಿಯನ್ನು ನೇರವಾಗಿ ಭಾಗಿಸಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. 32 ಬಿಟ್‌ನಲ್ಲಿ ಲಿಂಕ್ ಆಗುವಾಗ ಸಿಕ್ಕಿಬೀಳುತ್ತದೆ. ಅಂಥ ಕಡೆ ಕರ್ನಲ್ ಕೊಡುವ ‘ಡಿವ್_ಎಸ್64’ ತರಹದ ಫಂಕ್ಷನ್ ಬಳಸಬೇಕು. ಸೆನ್ಸರ್ ಲೆಕ್ಕದಲ್ಲಿ ಇದು ಮೇಲಿಂದ ಮೇಲೆ ಬರುತ್ತದೆ.

ಕಮಿಟ್ ಸಂದೇಶ, ಅಂದರೆ ಪ್ಯಾಚ್ ಜೊತೆ ಹೋಗುವ ವಿವರಣೆ, ಇಂಗ್ಲಿಷಿನಲ್ಲಿರಬೇಕು. ನಮ್ಮ ಇಂಗ್ಲಿಷ್ ಹೇಗೋ ಏನೋ ಎಂಬ ಅಳುಕು ಬೇಡ. ಅಲ್ಲಿ ಬರೆಯುವವರಲ್ಲಿ ಎಷ್ಟೋ ಜನರಿಗೆ ಅದು ಮನೆಮಾತಲ್ಲ. ಚಿಕ್ಕ ವಾಕ್ಯ ಸಾಕು. ಯಾವ ಚಿಪ್, ಡ್ರೈವರ್ ಏನೇನು ಮಾಡುತ್ತದೆ, ಏನು ಬಿಟ್ಟಿದ್ದೀರಿ, ಡೇಟಾಶೀಟ್ ಎಲ್ಲಿದೆ. ಸಾಲು 75 ಅಕ್ಷರಕ್ಕೆ ಮುರಿಯಲಿ. ವಿಷಯದ ಸಾಲು ಹೇಗಿರಬೇಕು ಎಂದು ತಿಳಿಯಲು ಅದೇ ಫೋಲ್ಡರಿನ ಗಿಟ್ ಲಾಗ್ ನೋಡಿದರೆ ಆಯಿತು.

ಕಳಿಸುವುದು

ಪ್ಯಾಚ್ ಹೋಗುವುದು ಇಮೇಲ್‌ನಲ್ಲಿ, ಬರೀ ಪಠ್ಯವಾಗಿ. ಅಟ್ಯಾಚ್‌ಮೆಂಟ್ ಇಲ್ಲ. ಎಚ್‌ಟಿಎಂಎಲ್ ಇಮೇಲ್ ಆದರೆ ಲಿಸ್ಟ್ ಒಳಗೇ ಬಿಡುವುದಿಲ್ಲ. ಕಂಪನಿಯ ಇಮೇಲ್ ಸರ್ವರ್ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿಬಿಡಬಹುದು, ಕೊನೆಯಲ್ಲಿ ‘ಇದು ಗೌಪ್ಯ’ ಎಂಬ ಉದ್ದ ಟಿಪ್ಪಣಿ ಅಂಟಿಸಬಹುದು. ಗೌಪ್ಯ ಎಂದು ಬರೆದ ಪ್ಯಾಚ್ ಅನ್ನು ಮೇಂಟೇನರ್ ಮುಟ್ಟುವ ಹಾಗಿಲ್ಲ. ಜಿಮೇಲ್ ಆದರೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಂಡು ‘ಗಿಟ್ ಸೆಂಡ್-ಇಮೇಲ್’ ಬಳಸಬಹುದು.

ಯಾರಿಗೆ ಕಳಿಸಬೇಕು ಎಂಬುದನ್ನು ‘ಗೆಟ್_ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ. ಮೇಂಟೇನರ್‌ಗಳು, ರಿವ್ಯೂವರ್‌ಗಳು, ಲಿಸ್ಟ್‌ಗಳು ಎಲ್ಲರನ್ನೂ ಸೇರಿಸಿ. ಡಿವೈಸ್ ಟ್ರೀ ಲಿಸ್ಟ್ ಬಿಟ್ಟುಹೋದರೆ ಬೈಂಡಿಂಗ್ ಅನ್ನು ಯಾರೂ ನೋಡುವುದಿಲ್ಲ.

ಹೊಸಬರಿಗೆ ನನ್ನ ಸಲಹೆ ‘ಬಿ4’ ಎಂಬ ಟೂಲ್. ‘ಬಿ4 ಪ್ರೆಪ್’ ಕವರ್ ಲೆಟರ್, ಆವೃತ್ತಿ ಸಂಖ್ಯೆ, ವಿಳಾಸ ಪಟ್ಟಿ ಎಲ್ಲ ನೋಡಿಕೊಳ್ಳುತ್ತದೆ. ‘ಬಿ4 ಸೆಂಡ್’ಗೆ ‘ರಿಫ್ಲೆಕ್ಟ್’ ಎಂಬ ಆಯ್ಕೆ ಕೊಟ್ಟರೆ ಮೊದಲು ನಿಮಗೇ ಕಳಿಸುತ್ತದೆ. ಬಂದದ್ದನ್ನು ‘ಗಿಟ್ ಎಎಂ’ನಿಂದ ಹೊಸ ಶಾಖೆಗೆ ಹಾಕಿ ನೋಡಿ. ಸರಿಯಾಗಿ ಕೂತರೆ ಧೈರ್ಯವಾಗಿ ಕಳಿಸಿ.

ಉತ್ತರ ಬಂದಾಗ, ಬರದಿದ್ದಾಗ

ಮೊದಲು ಬರುವುದು ಬಹುಶಃ ಬಾಟ್‌ನ ಉತ್ತರ. ಇಂಟೆಲ್ ನಡೆಸುವ ಕರ್ನಲ್ ಟೆಸ್ಟ್ ರೋಬೋಟ್ ನಿಮ್ಮ ಪ್ಯಾಚ್ ಅನ್ನು ನೀವು ಹೆಸರೇ ಕೇಳದ ಪ್ರೊಸೆಸರ್‌ಗಳಿಗೆಲ್ಲ ಬಿಲ್ಡ್ ಮಾಡುತ್ತದೆ. ಅದು ಕೊಟ್ಟ ತಪ್ಪನ್ನು ಅದೇ ಪ್ಯಾಚ್‌ನ ಮುಂದಿನ ಆವೃತ್ತಿಯಲ್ಲಿ ತಿದ್ದುವಾಗ ‘ರಿಪೋರ್ಟೆಡ್-ಬೈ’ (ತಪ್ಪು ತೋರಿಸಿದವರ ಹೆಸರು) ಸಾಲು ಹಾಕಬೇಡಿ. ಅದು ಈಗಾಗಲೇ ಸೇರಿದ ಕೋಡಿನ ಬಗ್‌ಗೆ ಮಾತ್ರ.

ಮನುಷ್ಯರ ಉತ್ತರಕ್ಕೆ ಎರಡು ಮೂರು ವಾರ ಹಿಡಿಯಬಹುದು. ಒಂದು ವಾರಕ್ಕಿಂತ ಮುಂಚೆ ‘ಏನಾಯಿತು’ ಎಂದು ಕೇಳಬಾರದು. ಮರ್ಜ್ ವಿಂಡೋ ಎಂಬ ಎರಡು ವಾರ ಮೇಂಟೇನರ್‌ಗಳು ತಮ್ಮ ಮರವನ್ನು ಲಿನಸ್‌ಗೆ ಒಪ್ಪಿಸುವುದರಲ್ಲಿ ಮುಳುಗಿರುತ್ತಾರೆ. ಆಗ ಮೌನ ಸಹಜ. ನೆಟ್‌ವರ್ಕ್ ವಿಭಾಗದಲ್ಲಂತೂ ಆ ದಿನಗಳಲ್ಲಿ ಹೊಸ ಡ್ರೈವರ್‌ಗೆ ಬಾಗಿಲೇ ಮುಚ್ಚಿರುತ್ತದೆ.

ರಿವ್ಯೂ ಧಾಟಿ ನಮಗೆ ಒರಟಾಗಿ ಕಾಣಬಹುದು. ನಮಸ್ಕಾರ ಇಲ್ಲ, ‘ಚೆನ್ನಾಗಿದೆ, ಆದರೆ’ ಇಲ್ಲ. ‘ಇದು ಯಾಕೆ?’ ಎಂದಷ್ಟೇ ಇರುತ್ತದೆ. ದಿನಕ್ಕೆ ರಾಶಿ ಪ್ಯಾಚ್ ಓದುವವರ ಬರಹ ಅದು. ಪ್ರತಿ ಮಾತಿಗೂ ಅದರ ಕೆಳಗೇ ಉತ್ತರ ಬರೆಯಿರಿ. ಒಪ್ಪಿದರೆ ಒಪ್ಪಿದೆ ಎನ್ನಿ. ಒಪ್ಪದಿದ್ದರೆ ಡೇಟಾಶೀಟ್‌ನ ಪುಟ ತೋರಿಸಿ ವಾದ ಮಾಡಿ. ಚಿಪ್ ನಿಮ್ಮ ಹತ್ತಿರ ಇದೆ, ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ದೊಡ್ಡವರು ಹೇಳಿದರು ಎಂದು ತಲೆಯಾಡಿಸಿ ಓಡುತ್ತಿದ್ದ ಕೋಡ್ ಕೆಡಿಸುವುದು ನಮ್ಮವರ ಒಂದು ಅಭ್ಯಾಸ. ಅದು ಅಲ್ಲಿ ಮರ್ಯಾದೆ ಎನಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಒಂದು ಮಾತಿಗೆ ಉತ್ತರವನ್ನೂ ಕೊಡದೆ, ತಿದ್ದಲೂ ತಿದ್ದದೆ ಹೊಸ ಆವೃತ್ತಿ ಕಳಿಸುವುದು. ಅಲ್ಲಿಗೆ ಆ ರಿವ್ಯೂವರ್ ಕೈಬಿಡುತ್ತಾರೆ.

ಎರಡನೇ ಆವೃತ್ತಿಯನ್ನು ಅದೇ ದಿನ ಕಳಿಸಬೇಡಿ, ಬೇರೆಯವರಿಗೂ ಓದಲು ಸಮಯ ಕೊಡಿ. ವಿಷಯದಲ್ಲಿ ‘ವಿ2’ ಇರಲಿ. ಏನು ಬದಲಾಯಿತು ಎಂಬ ಪಟ್ಟಿಯನ್ನು ಮೂರು ಅಡ್ಡಗೆರೆಯ ಕೆಳಗೆ ಬರೆಯಿರಿ, ಅದು ಗಿಟ್ ಇತಿಹಾಸದಲ್ಲಿ ಉಳಿಯುವುದಿಲ್ಲ. ಯಾರಾದರೂ ‘ರಿವ್ಯೂಡ್-ಬೈ’ (ಓದಿ ಒಪ್ಪಿದೆ ಎಂಬ ಸಾಲು) ಕೊಟ್ಟಿದ್ದರೆ ಅದನ್ನು ಹೊಸ ಆವೃತ್ತಿಗೆ ಒಯ್ಯುವುದು ನಿಮ್ಮ ಕೆಲಸ. ‘ಬಿ4 ಟ್ರೇಲರ್ಸ್’ ಅದನ್ನು ಮಾಡಿಕೊಡುತ್ತದೆ. ಆದರೆ ಆ ಪ್ಯಾಚ್ ಅನ್ನೇ ಬಹಳ ಬದಲಿಸಿದ್ದರೆ ಆ ಸಾಲು ತೆಗೆದು, ಯಾಕೆ ತೆಗೆದೆ ಎಂದು ಹೇಳಿ. ವಿ5, ವಿ6 ಆದರೂ ಗಾಬರಿ ಬೇಡ.

ಸೇರಿದ ಮೇಲೆ

ಒಂದು ದಿನ ‘ಅಪ್ಲೈಡ್’ ಎಂಬ ಉತ್ತರ ಬರುತ್ತದೆ. ಪ್ಯಾಚ್ ಆಗ ಐಐಒ ಮರಕ್ಕೆ ಸೇರಿರುತ್ತದೆ. ಅಲ್ಲಿಂದ ಲಿನಕ್ಸ್-ನೆಕ್ಸ್ಟ್ (ಎಲ್ಲ ವಿಭಾಗದ ಮರ ಸೇರಿಸಿ ಪರೀಕ್ಷಿಸುವ ಜಾಗ), ಮುಂದಿನ ಮರ್ಜ್ ವಿಂಡೋದಲ್ಲಿ ಲಿನಸ್ ಮರ (ಮೇನ್‌ಲೈನ್ ಎನ್ನುವುದು ಇದನ್ನೇ), ಆಮೇಲೆ ವಾರಕ್ಕೊಂದು ಆರ್‌ಸಿ. ಸಾಮಾನ್ಯವಾಗಿ ಆರ್‌ಸಿ7 ಅಥವಾ ಆರ್‌ಸಿ8 ಆದ ಮೇಲೆ ಬಿಡುಗಡೆ. ಒಂದು ಸುತ್ತಿಗೆ 9ರಿಂದ 10 ವಾರ. ಸ್ವಲ್ಪದರಲ್ಲಿ ಒಂದು ಮರ್ಜ್ ವಿಂಡೋ ತಪ್ಪಿದರೆ ಇನ್ನೊಂದು ಸುತ್ತು ಕಾಯಬೇಕು. ಆಫೀಸಿನಲ್ಲಿ ‘ಈ ತಿಂಗಳ ಕೊನೆಗೆ ಮೇನ್‌ಲೈನ್‌ನಲ್ಲಿರುತ್ತೆ’ ಎಂದು ಮಾತು ಕೊಡಬೇಡಿ.

ಆಮೇಲೆ ಬಗ್ ಕಂಡರೆ ಸರಿಪಡಿಸುವ ಪ್ಯಾಚ್‌ನಲ್ಲಿ ‘ಫಿಕ್ಸಸ್’ ಸಾಲು ಹಾಕಿ, ಅದರಲ್ಲಿ ಮೂಲ ಕಮಿಟ್‌ನ ಮೊದಲ 12 ಅಕ್ಷರ ಇರಲಿ. ಸ್ಟೇಬಲ್ ಶಾಖೆಗಳಿಗೂ (ಬಿಡುಗಡೆಯಾದ ಕರ್ನಲ್‌ಗೆ ತಿದ್ದುಪಡಿ ಹೋಗುವ ಶಾಖೆಗಳು) ಅದು ಹೋಗಬೇಕಾದರೆ ಸ್ಟೇಬಲ್ ಲಿಸ್ಟ್‌ಗೆ ‘ಸಿಸಿ’ ಸಾಲನ್ನೂ ಹಾಕಿ, ಬರೀ ‘ಫಿಕ್ಸಸ್’ ಸಾಲನ್ನು ನಂಬಿ ಕೂರಬೇಡಿ. ನಿಮ್ಮ ಇಡೀ ಡ್ರೈವರ್ ಮಾತ್ರ ಹಳೆಯ ಸ್ಟೇಬಲ್ ಕರ್ನಲ್‌ಗಳಿಗೆ ಹೋಗುವುದಿಲ್ಲ. ಆದರೆ ಇರುವ ಡ್ರೈವರ್‌ಗೆ ಬರೀ ಹೊಸ ಡಿವೈಸ್ ಐಡಿ ಸೇರಿಸಿದ್ದರೆ ಅದು ಹೋಗುತ್ತದೆ. ಶುರುವಿನಲ್ಲೇ ಹುಡುಕಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕರ್ನಲ್‌ನಲ್ಲಿ ಬಂದ ತಕ್ಷಣ ಜನರ ಕಂಪ್ಯೂಟರಿನಲ್ಲಿ ಬರುತ್ತದೆ ಎಂದೂ ಅಲ್ಲ. ಹೊಸ ಡ್ರೈವರ್ ಕಾನ್ಫಿಗ್‌ನಲ್ಲಿ ಆಫ್ ಆಗಿಯೇ ಇರುತ್ತದೆ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ಹಂಚುವವರಿಗೆ ಒಂದು ಬಗ್ ರಿಪೋರ್ಟ್ ಹಾಕಿ, ಮಾಡ್ಯೂಲ್ ಆಗಿ ಆನ್ ಮಾಡಿ ಎಂದು ಕೇಳಬೇಕು. ರಾಸ್ಪ್‌ಬೆರಿ ಪೈಯವರ ಕರ್ನಲ್ ಗಿಟ್‌ಹಬ್‌ನಲ್ಲಿದೆ, ಅಲ್ಲಿ ಪುಲ್ ರಿಕ್ವೆಸ್ಟ್ ನಡೆಯುತ್ತದೆ. ಅವರ ‘ಐ2ಸಿ-ಸೆನ್ಸರ್’ ಓವರ್‌ಲೇಗೆ (ಡಿವೈಸ್ ಟ್ರೀಗೆ ಮೇಲಿಂದ ಸೇರಿಸುವ ತುಣುಕು) ನಿಮ್ಮ ಚಿಪ್ ಹೆಸರು ಸೇರಿಸಿ ಕಳಿಸಿ. ಅದು ಸೇರಿದರೆ ಬಳಸುವವರು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆದು ರೀಬೂಟ್ ಮಾಡಿದರೆ ಸಾಕು.